ಉಸಿರಿನ ಅಳತೆ ಕಲಿತ ಅರ್ಧ ಶತಮಾನ

1952ರ ಆಗಸ್ಟ್ ತಿಂಗಳು. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಎದ್ದಿತ್ತು. ಸಾಂಕ್ರಾಮಿಕ ರೋಗಗಳಿಗೆಂದೇ ಇದ್ದ ಬ್ಲೆಗ್ಡಾಮ್ ಆಸ್ಪತ್ರೆಗೆ ಪಿಡುಗು ಏರಿದ ದಿನಗಳಲ್ಲಿ ದಿನಕ್ಕೆ 50 ರೋಗಿಗಳು ಬಂದು ಸೇರುತ್ತಿದ್ದರು. ಅವರಲ್ಲಿ ಮಕ್ಕಳೇ ಬಹಳ. ಕೈಕಾಲು ಸೋತವರು ಹೇಗೋ ಬದುಕಿಯಾರು. ಆದರೆ ರೋಗ ಎದೆಯ ಸ್ನಾಯುಗಳಿಗೆ, ಗಂಟಲಿಗೆ ಏರಿತೆಂದರೆ ಉಸಿರು ನಿಲ್ಲುತ್ತಿತ್ತು. ನುಂಗಲಾಗದೆ ಜೊಲ್ಲು, ಕಫ ಶ್ವಾಸನಾಳಕ್ಕೇ ಇಳಿಯುತ್ತಿತ್ತು. ಅಂಥವರನ್ನು ಉಳಿಸಲು ಆಸ್ಪತ್ರೆಯಲ್ಲಿ ಇದ್ದದ್ದು ಒಂದು ‘ಕಬ್ಬಿಣದ ಶ್ವಾಸಕೋಶ’ ಮತ್ತು ಎದೆಗೆ ಕವಚದಂತೆ ಕಟ್ಟುವ ಆರು ಸಣ್ಣ ಯಂತ್ರಗಳು. ಮೊದಲ ಮೂರು ವಾರಗಳಲ್ಲಿ ಉಸಿರು ಸೋತ 31 ರೋಗಿಗಳನ್ನು ಈ ಯಂತ್ರಗಳಿಗೆ ಒಪ್ಪಿಸಲಾಯಿತು. 27 ಮಂದಿ ಸತ್ತರು.

ಆ ಕಬ್ಬಿಣದ ಶ್ವಾಸಕೋಶ ಅಮೆರಿಕದ ಹಾರ್ವರ್ಡ್‌ನಲ್ಲಿ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಅಗಾಸಿ ಶಾ 1928ರಲ್ಲಿ ರೂಪಿಸಿದ ಯಂತ್ರದ ಸಂತತಿ. ರೋಗಿಯನ್ನು ಕತ್ತಿನವರೆಗೆ ಒಂದು ದೊಡ್ಡ ಲೋಹದ ಪೆಟ್ಟಿಗೆಯೊಳಗೆ ಮಲಗಿಸುತ್ತಾರೆ. ತಲೆ ಮಾತ್ರ ಹೊರಗೆ. ಪೆಟ್ಟಿಗೆಯೊಳಗಿನ ಗಾಳಿಯ ಒತ್ತಡ ಇಳಿಸಿದಾಗ ಎದೆ ತಾನಾಗಿ ಹಿಗ್ಗಿ ಗಾಳಿ ಒಳಗೆ ಬರುತ್ತದೆ. ಒತ್ತಡ ಏರಿಸಿದಾಗ ಹೊರಗೆ ಹೋಗುತ್ತದೆ. ಬರೀ ಎದೆಯ ಸ್ನಾಯು ಸೋತವರಿಗೆ ಇದು ವರವೇ ಆಗಿತ್ತು. ಆದರೆ ಗಂಟಲೂ ಸೋತವರಿಗೆ ಅದೇ ಯಂತ್ರ ಗಾಳಿಯ ಜೊತೆಗೆ ಕಫವನ್ನೂ ಎಳೆದು ಶ್ವಾಸಕೋಶಕ್ಕೆ ತುಂಬುತ್ತಿತ್ತು.

ಆಸ್ಪತ್ರೆಯ ಮುಖ್ಯ ವೈದ್ಯ ಹೆನ್ರಿ ಲಾಸೆನ್ ದಿಕ್ಕು ತೋಚದೆ ಕುಳಿತಿದ್ದಾಗ ಅವರ ಕಿರಿಯ ಸಹೋದ್ಯೋಗಿ ಮೊಗೆನ್ಸ್ ಬ್ಯೋರ್ನೆಬೊ ಒಂದು ಹೆಸರು ಹೇಳಿದರು: ಬ್ಯೋರ್ನ್ ಇಬ್ಸೆನ್. 36ರ ಹರೆಯದ ಇಬ್ಸೆನ್ ಅರಿವಳಿಕೆ ತಜ್ಞ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ತರಬೇತಿ ಪಡೆದು ಬಂದವರು. ಆ ಕಾಲದಲ್ಲಿ ಅರಿವಳಿಕೆಯವರ ಜಾಗ ಶಸ್ತ್ರಚಿಕಿತ್ಸೆಯ ಕೋಣೆಯೊಳಗೆ. ಜ್ವರದ ವಾರ್ಡಿನಲ್ಲಿ ಅವರಿಗೇನು ಕೆಲಸ ಎಂಬ ಅನುಮಾನ ಹಿರಿಯ ವೈದ್ಯರಲ್ಲಿತ್ತು. ಲಾಸೆನ್ ಕೂಡ ಅಷ್ಟೇನೂ ಮನಸ್ಸಿಲ್ಲದೆಯೇ ಒಪ್ಪಿದರು. ಆಗಸ್ಟ್ 25ರಂದು ಸಭೆ ಸೇರಿತು.

ಇಬ್ಸೆನ್ ಸತ್ತವರ ಮರಣೋತ್ತರ ಪರೀಕ್ಷೆಯ ವಿವರಗಳನ್ನು ನೋಡಿದರು, ರಕ್ತದ ವರದಿಗಳನ್ನು ನೋಡಿದರು. ಸತ್ತವರ ರಕ್ತದಲ್ಲಿ ಬೈಕಾರ್ಬನೇಟ್ ವಿಪರೀತ ಏರಿತ್ತು. ಇದು ಯಾವುದೋ ಗೊತ್ತಾಗದ ಕಾರಣದಿಂದ ಆದ ಕ್ಷಾರತೆ ಎಂದು ವಾರ್ಡಿನ ವೈದ್ಯರು ತಿಳಿದಿದ್ದರು. ಪೋಲಿಯೊ ವೈರಸ್ ಮಿದುಳನ್ನೇ ಕೆಡಿಸಿದೆ, ಇನ್ನು ಮಾಡುವುದೇನೂ ಇಲ್ಲ ಎಂಬ ನಿರಾಸೆಯೂ ಅವರಲ್ಲಿ ಬೇರೂರಿತ್ತು. ಇಬ್ಸೆನ್ ಅದೇ ಅಂಕಿಯನ್ನು ಬೇರೆ ರೀತಿ ಓದಿದರು. ಇದು ಕ್ಷಾರತೆಯಲ್ಲ, ಉಸಿರಿನ ಮೂಲಕ ಹೊರಹೋಗಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದು ರಕ್ತವನ್ನು ಆಮ್ಲವಾಗಿಸಿದೆ, ದೇಹ ಅದನ್ನು ಸರಿದೂಗಿಸಲು ಹೆಣಗಿದೆ ಎಂದರು. ರೋಗಿಗೆ ಆಮ್ಲಜನಕ ಕೊಟ್ಟಿದ್ದರಿಂದ ಚರ್ಮ ಕೆಂಪಾಗಿ ಕಾಣುತ್ತದೆ, ನೋಡಿದವರಿಗೆ ಸಮಾಧಾನವಾಗುತ್ತದೆ; ಆದರೆ ಒಳಗೆ ಅವನು ತನ್ನದೇ ಇಂಗಾಲದ ಡೈಆಕ್ಸೈಡಿನಲ್ಲಿ ಮುಳುಗುತ್ತಿದ್ದಾನೆ. ರೋಗಿಗಳನ್ನು ಕೊಂದದ್ದು ವೈರಸ್ಸಲ್ಲ, ಸಾಲದ ಉಸಿರು. ಮುಂದೆ ಪ್ರಯೋಗಾಲಯದ ಮುಖ್ಯಸ್ಥ ಪೌಲ್ ಆಸ್ಟ್ರುಪ್ ರಕ್ತದ ಪಿಎಚ್ ಅಳೆದಾಗ ಇಬ್ಸೆನ್ ಹೇಳಿದ್ದೇ ಸರಿ ಎಂದು ರುಜುವಾತಾಯಿತು.

ಆದರೆ ವಾರ್ಡಿನವರು ನಂಬಬೇಕಾದರೆ ಒಬ್ಬ ರೋಗಿ ಕಣ್ಣೆದುರು ಬದುಕಬೇಕಿತ್ತು.

ಆಗಸ್ಟ್ 27ರಂದು ಇಬ್ಸೆನ್ ಮುಂದೆ ತಂದದ್ದು 12 ವರ್ಷದ ಒಬ್ಬ ಹುಡುಗಿಯನ್ನು. ನಾಲ್ಕೂ ಕೈಕಾಲು ಸೋತಿದ್ದವು. ಜ್ವರ 40 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಮೈ ನೀಲಿಗಟ್ಟಿ ಬೆವರುತ್ತಿತ್ತು. ಆ ಜಾಗವನ್ನಷ್ಟೇ ಮರಗಟ್ಟಿಸಿ ಅವಳ ಗಂಟಲಿನ ಕೆಳಗೆ ರಂಧ್ರ ಮಾಡಿ, ಶ್ವಾಸನಾಳದೊಳಗೆ ಒಂದು ಕೊಳವೆ ಇಳಿಸಿದರು. ಕೊಳವೆಯ ಸುತ್ತ ಗಾಳಿ ತುಂಬುವ ರಬ್ಬರ್ ಪಟ್ಟಿ ಇತ್ತು. ಅದು ಉಬ್ಬಿ ನಾಳವನ್ನು ಭದ್ರವಾಗಿ ಮುಚ್ಚಿದರೆ ಮೇಲಿನ ಕಫ ಕೆಳಗಿಳಿಯುವುದಿಲ್ಲ, ಒತ್ತಿದ ಗಾಳಿ ಸೋರುವುದಿಲ್ಲ. ಇಬ್ಸೆನ್ ಕೊಳವೆಗೆ ರಬ್ಬರ್ ಚೀಲ ಜೋಡಿಸಿ ಕೈಯಿಂದ ಒತ್ತಿದರು. ಗಾಳಿ ಒಳಗೆ ಹೋಗಲಿಲ್ಲ. ಹುಡುಗಿಯ ಶ್ವಾಸನಾಳಗಳು ಬಿಗಿದುಕೊಂಡಿದ್ದವು, ಕಫ ಕಟ್ಟಿತ್ತು, ಅವಳು ಉಸಿರಿಗಾಗಿ ಒದ್ದಾಡುತ್ತಿದ್ದಳು. ನೋಡುತ್ತ ನಿಂತಿದ್ದ ವೈದ್ಯರು ಇನ್ನು ಮುಗಿಯಿತು ಎಂದುಕೊಂಡು ಒಬ್ಬೊಬ್ಬರಾಗಿ ಅಲ್ಲಿಂದ ಸರಿದರು.

ಆಗ ಇಬ್ಸೆನ್ ಅರಿವಳಿಕೆಯವರ ವಿದ್ಯೆಯನ್ನೇ ನೆಚ್ಚಿದರು. ಥಯೋಪೆಂಟಾಲ್ ಚುಚ್ಚುಮದ್ದು ಕೊಟ್ಟರು. ಹುಡುಗಿಯ ಒದ್ದಾಟ ನಿಂತಿತು, ಅವಳದೇ ಉಸಿರಾಟವೂ ನಿಂತಿತು. ಈಗ ಚೀಲ ಒತ್ತಿದರೆ ಎದೆ ಏಳತೊಡಗಿತು. ಕಫ ಹೀರಿ ತೆಗೆದು, ಒಂದೇ ಲಯದಲ್ಲಿ ಒತ್ತುತ್ತ ಹೋದಂತೆ ಮೈಬಣ್ಣ ತಿಳಿಯಾಯಿತು, ಬೆವರು ಆರಿತು. ಅಷ್ಟಕ್ಕೇ ಬಿಡದೆ ಅವರು ಅವಳನ್ನು ಮತ್ತೆ ಹಳೆಯ ಎದೆಕವಚದ ಯಂತ್ರಕ್ಕೆ ಹಾಕಿ ತೋರಿಸಿದರು; ಇಂಗಾಲದ ಡೈಆಕ್ಸೈಡ್ ಏರಿತು. ಮತ್ತೆ ಚೀಲ ಒತ್ತಿದರು, ಇಳಿಯಿತು. ವಾದಕ್ಕೆ ಇನ್ನು ಜಾಗವಿರಲಿಲ್ಲ. ಲಾಸೆನ್ ತಡಮಾಡಲಿಲ್ಲ. ಉಸಿರು ಸೋತ ಪ್ರತಿಯೊಬ್ಬರಿಗೂ ಇದೇ ಚಿಕಿತ್ಸೆ ಎಂದು ತೀರ್ಮಾನವಾಯಿತು. ಆ ಹುಡುಗಿ ಬದುಕಿ, ಬೆಳೆದು ದೊಡ್ಡವಳಾದಳು.

ಆದರೆ ಚೀಲ ಒತ್ತುವವರು ಯಾರು? ಇಂಥ ಕೆಲಸ ಮಾಡಬಲ್ಲ ಯಂತ್ರ ಆಸ್ಪತ್ರೆಯಲ್ಲಿರಲಿಲ್ಲ. ವೈದ್ಯಕೀಯ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದರು. ಒಂದು ಹೊತ್ತಿನಲ್ಲಂತೂ 70 ರೋಗಿಗಳು ಏಕಕಾಲಕ್ಕೆ ಬೇರೆಯವರ ಕೈಯಿಂದ ಉಸಿರಾಡುತ್ತಿದ್ದರು. ವಿದ್ಯಾರ್ಥಿ ರೋಗಿಯ ತಲೆಯ ಬಳಿ ಕುಳಿತು ಹಗಲಿರುಳು ಚೀಲ ಒತ್ತಬೇಕು. ಗಂಟಲಿನಲ್ಲಿ ಕೊಳವೆ ಇರುವುದರಿಂದ ಮಗು ಮಾತಾಡಲಾರದು; ಕಣ್ಣಿನ, ತುಟಿಯ ಚಲನೆಯಲ್ಲೇ ಗಾಳಿ ಸಾಲದೆಂದು ಹೇಳುತ್ತದೆ, ಒತ್ತುವವನು ಹಿಡಿತ ಬದಲಿಸುತ್ತಾನೆ. ಮಕ್ಕಳಿಗೆ ಕಥೆ ಓದಿ ಹೇಳುತ್ತ ಒತ್ತಿದವರಿದ್ದರು. ತಮ್ಮ ಕೈಯಲ್ಲೇ ರೋಗಿ ಸತ್ತುಹೋದದ್ದನ್ನು ತಾಳಲಾರದೆ ಕುಸಿದವರೂ ಇದ್ದರು. ಆ ಪಿಡುಗಿನಲ್ಲಿ ವಿದ್ಯಾರ್ಥಿಗಳು ಒತ್ತಿದ್ದು ಒಟ್ಟು 1,65,000 ಗಂಟೆ. ಉಸಿರು ಸೋತವರಲ್ಲಿ ನೂರಕ್ಕೆ 87 ಮಂದಿ ಸಾಯುತ್ತಿದ್ದ ಕಡೆ ಸಾವು ಸುಮಾರು 40ಕ್ಕೆ ಇಳಿಯಿತು.

ಮುಂದಿನ ವರ್ಷ, 1953ರ ಡಿಸೆಂಬರಿನಲ್ಲಿ, ಇಬ್ಸೆನ್ ಕೋಪನ್‌ಹೇಗನ್‌ನ ಕಮ್ಯೂನ್ ಆಸ್ಪತ್ರೆಯಲ್ಲಿ ಯಾವುದೇ ಕಾಯಿಲೆಯಿಂದ ಜೀವ ತೂಗುತ್ತಿರುವವರನ್ನು ಒಂದೇ ಕಡೆ ಇಟ್ಟು, ದಿನವಿಡೀ ಕಾಯುವ ಘಟಕ ತೆರೆದರು. ಇಂದು ನಾವು ಐಸಿಯು ಎನ್ನುವುದರ ಮೊದಲ ಮಾದರಿ ಅದೇ. ಪಕ್ಕದ ಸ್ವೀಡನ್ನಿನಲ್ಲಿ ಕಾರ್ಲ್-ಗುನ್ನರ್ ಎಂಗ್‌ಸ್ಟ್ರೋಮ್ ರೂಪಿಸಿದ ಯಂತ್ರ ವಿದ್ಯಾರ್ಥಿಗಳ ಕೈಯ ಕೆಲಸವನ್ನು ತಾನು ವಹಿಸಿಕೊಂಡಿತು: ಪ್ರತಿ ಉಸಿರಿಗೂ ಗೊತ್ತುಪಡಿಸಿದಷ್ಟು ಗಾಳಿ. ಡೆನ್ಮಾರ್ಕಿನಲ್ಲೇ ಹೋಲ್ಗರ್ ಹೆಸ್ಸೆ ಎಂಬ ಎಂಜಿನಿಯರ್ ಮತ್ತು ಹೆನ್ನಿಂಗ್ ರೂಬೆನ್ ಎಂಬ ಅರಿವಳಿಕೆ ತಜ್ಞ ಸೇರಿ, ಒತ್ತಿ ಬಿಟ್ಟರೆ ತಾನಾಗಿಯೇ ಗಾಳಿ ತುಂಬಿಕೊಳ್ಳುವ ಚೀಲವನ್ನು 1956ರಲ್ಲಿ ಹೊರತಂದರು. ನಮ್ಮ ಆಂಬುಲೆನ್ಸುಗಳಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಎಲ್ಲರ ಬಾಯಲ್ಲೂ ಇರುವ ‘ಅಂಬು ಬ್ಯಾಗ್’ ಅದೇ.

ಇಲ್ಲಿಗೆ ಕಥೆ ಗೆದ್ದಂತೆ ಕಾಣುತ್ತದೆ. ಆದರೆ ಕೋಪನ್‌ಹೇಗನ್ ಕಲಿಸಿದ್ದು ಅರ್ಧ ಪಾಠ ಮಾತ್ರ. ಪೋಲಿಯೊ ರೋಗಿಯ ಶ್ವಾಸಕೋಶ ಮೂಲತಃ ಚೆನ್ನಾಗಿಯೇ ಇರುತ್ತದೆ, ಸೋತಿರುವುದು ಅದನ್ನು ಹಿಗ್ಗಿಸುವ ಸ್ನಾಯು. ಅಂಥ ಶ್ವಾಸಕೋಶ ಧಾರಾಳವಾಗಿ ಕೊಟ್ಟ ಗಾಳಿಯನ್ನೂ ತಾಳಿಕೊಳ್ಳುತ್ತದೆ. ಶ್ವಾಸಕೋಶವೇ ಕೆಟ್ಟು ಹೋದಾಗ ಏನು ಮಾಡಬೇಕು?

ಈ ಪ್ರಶ್ನೆ ಸ್ಪಷ್ಟ ರೂಪ ತಾಳಿದ್ದು 1967ರಲ್ಲಿ, ಅಮೆರಿಕದ ಡೆನ್ವರ್‌ನಲ್ಲಿ. ಕೊಲರಾಡೊ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಡೇವಿಡ್ ಆಷ್‌ಬೋ, ಶ್ವಾಸಕೋಶ ತಜ್ಞ ಥಾಮಸ್ ಪೆಟ್ಟಿ ಮತ್ತು ಅವರ ಜೊತೆಗಾರರು ಉಸಿರಾಟದ ನೆರವು ಪಡೆದ 272 ರೋಗಿಗಳಲ್ಲಿ 12 ಮಂದಿಯನ್ನು ಬೇರೆಯಾಗಿ ಗುರುತಿಸಿದರು. ಒಬ್ಬರಿಗೆ ಅಪಘಾತ, ಇನ್ನೊಬ್ಬರಿಗೆ ವೈರಸ್ ಸೋಂಕು, ಮತ್ತೊಬ್ಬರಿಗೆ ಮೇದೋಜೀರಕ ಗ್ರಂಥಿಯ ಉರಿಯೂತ. ಕಾರಣ ಬೇರೆಬೇರೆಯಾದರೂ ಶ್ವಾಸಕೋಶ ಕೆಟ್ಟ ರೀತಿ ಒಂದೇ: ಉಸಿರು ದಿಢೀರನೆ ಏದುಸಿರಾಗುತ್ತದೆ, ಆಮ್ಲಜನಕ ಎಷ್ಟು ಕೊಟ್ಟರೂ ರಕ್ತಕ್ಕೆ ಏರುವುದಿಲ್ಲ, ಶ್ವಾಸಕೋಶ ಗಡುಸಾಗುತ್ತದೆ, ಎಕ್ಸ್‌ರೇಯಲ್ಲಿ ಎರಡೂ ಬದಿ ಬೆಳ್ಳಗೆ ಕಾಣುತ್ತದೆ. ಉರಿಯೂತದಿಂದ ರಕ್ತನಾಳಗಳು ಸೋರಿ, ಗಾಳಿ ಇರಬೇಕಾದ ಗೂಡುಗಳಲ್ಲಿ ನೀರು ತುಂಬುವುದೇ ಇದರ ಒಳಗುಟ್ಟು. 12ರಲ್ಲಿ 7 ಮಂದಿ ಸತ್ತರು. ವೈದ್ಯಲೋಕ ಈಗ ಇದನ್ನು ಎಆರ್‌ಡಿಎಸ್ ಎನ್ನುತ್ತದೆ.

ಡೆನ್ವರ್‌ನವರು ಒಂದು ಉಪಾಯವನ್ನೂ ಕಂಡುಕೊಂಡರು. ಪೂರ್ತಿ ಕುಗ್ಗಿದ ಬಲೂನನ್ನು ಮೊದಲ ಸಲ ಊದುವುದೇ ಕಷ್ಟ. ಸ್ವಲ್ಪ ಗಾಳಿ ಉಳಿದಿದ್ದರೆ ಮತ್ತೆ ಊದುವುದು ಸಲೀಸು. ಹಾಗೆಯೇ ಉಸಿರು ಬಿಟ್ಟ ಮೇಲೂ ಶ್ವಾಸಕೋಶದೊಳಗೆ ಒಂದಿಷ್ಟು ಒತ್ತಡ ಉಳಿಸಿದರೆ ಗಾಳಿಗೂಡುಗಳು ಮುಚ್ಚಿಕೊಳ್ಳುವುದಿಲ್ಲ. ಇಂದು ಐಸಿಯುಗಳಲ್ಲಿ ‘ಪೀಪ್’ ಎಂದು ಕರೆಯುವುದು ಈ ಒತ್ತಡವನ್ನೇ.

ಉಳಿದಂತೆ ಅಂದಿನ ವೈದ್ಯರು ಯಂತ್ರಕ್ಕೆ ಹೇಳಿದ್ದು ಒಂದೇ ಮಾತು: ರಕ್ತದ ವರದಿ ಸರಿಯಾಗಬೇಕು. ಆಮ್ಲಜನಕ ಏರಬೇಕು, ಇಂಗಾಲದ ಡೈಆಕ್ಸೈಡ್ ಇಳಿಯಬೇಕು. ಅದಕ್ಕಾಗಿ ದೇಹತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಲೀಟರಿನಷ್ಟು ಗಾಳಿಯನ್ನು ಪ್ರತಿ ಉಸಿರಿಗೂ ತುಂಬುವುದು ವಾಡಿಕೆಯಾಯಿತು. ಆರೋಗ್ಯವಂತರು ಸುಮ್ಮನೆ ಕುಳಿತು ಉಸಿರಾಡುವುದಕ್ಕಿಂತ ಇದು ಬಹಳ ಹೆಚ್ಚು. ವರದಿ ಚೆನ್ನಾಗಿ ಬರುತ್ತಿತ್ತು. ರೋಗಿಗಳು ಸಾಯುತ್ತಲೇ ಇದ್ದರು. ಸಾವಿಗೆ ಕಾಯಿಲೆಯೇ ಕಾರಣ ಎಂದು ಎಲ್ಲರೂ ನಂಬಿದ್ದರು. ಬ್ಲೆಗ್ಡಾಮ್ ವಾರ್ಡಿನಲ್ಲಿ ವೈರಸ್ಸಿನ ಮೇಲೆ ಹೊರಿಸಿದ್ದ ಆರೋಪದ್ದೇ ಇನ್ನೊಂದು ರೂಪ ಇದು.

ಅನುಮಾನದ ಮೊದಲ ಎಳೆ ಇಲಿಗಳಿಂದ ಬಂತು. 1974ರಲ್ಲಿ ಹರ್ಬರ್ಟ್ ವೆಬ್ ಮತ್ತು ಡೊನಾಲ್ಡ್ ಟಿಯರ್ನಿ ಆರೋಗ್ಯವಂತ ಇಲಿಗಳಿಗೆ ಯಂತ್ರದಿಂದ ಉಸಿರು ಕೊಟ್ಟರು. ಕಡಿಮೆ ಒತ್ತಡದಲ್ಲಿ, ಅಂದರೆ 14 ಸೆಂಟಿಮೀಟರ್ ನೀರಿನ ಒತ್ತಡದಲ್ಲಿ ಒಂದು ಗಂಟೆ ಉಸಿರಾಡಿದ ಇಲಿಗಳಿಗೆ ಏನೂ ಆಗಲಿಲ್ಲ. 45 ಸೆಂಟಿಮೀಟರಿಗೆ ಏರಿಸಿದಾಗ ಒಂದು ಗಂಟೆಯೊಳಗೆ ಶ್ವಾಸಕೋಶ ನೀರು ತುಂಬಿ ಹಾಳಾಯಿತು. ಕಾಯಿಲೆಯಿಲ್ಲದ ಶ್ವಾಸಕೋಶವನ್ನು ಯಂತ್ರವೊಂದೇ ಎಆರ್‌ಡಿಎಸ್‌ನಂತೆ ಕೆಡಿಸಬಲ್ಲದು ಎಂದಾಯಿತು. 1988ರಲ್ಲಿ ಫ್ರಾನ್ಸಿನ ಡಿಡಿಯೆ ಡ್ರೆಫ್ಯೂಸ್ ಮತ್ತು ಜಾರ್ಜ್ ಸೊಮೋನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಇಲಿಗಳ ಎದೆಗೆ ಪಟ್ಟಿ ಬಿಗಿದು, ಒತ್ತಡ ಏರಿದರೂ ಶ್ವಾಸಕೋಶ ಹಿಗ್ಗದಂತೆ ಮಾಡಿದರು, ಹಾನಿಯಾಗಲಿಲ್ಲ. ಕೆಡಿಸುವುದು ಒತ್ತಡದ ಅಂಕಿಯಲ್ಲ, ಅತಿಯಾಗಿ ಹಿಗ್ಗುವುದು.

ಆ ಹೊತ್ತಿಗೆ ಇಟಲಿಯ ಮಿಲಾನ್‌ನಲ್ಲಿ ಲುಚಾನೊ ಗಟ್ಟಿನೋನಿ ಎಆರ್‌ಡಿಎಸ್ ರೋಗಿಗಳನ್ನು ಸಿಟಿ ಸ್ಕ್ಯಾನಿಗೆ ಒಳಪಡಿಸುತ್ತಿದ್ದರು. ಎಕ್ಸ್‌ರೇಯಲ್ಲಿ ಇಡೀ ಶ್ವಾಸಕೋಶ ಒಂದೇ ಸಮನೆ ಬೆಳ್ಳಗೆ ಕಂಡರೂ ಸ್ಕ್ಯಾನ್ ಬೇರೆ ಸಂಗತಿ ತೋರಿಸಿತು. ಅಂಗಾತ ಮಲಗಿದವರ ಬೆನ್ನಿನ ಕಡೆಯ ಭಾಗ ಕುಗ್ಗಿ ಮುಚ್ಚಿಹೋಗಿತ್ತು. ಎದೆಯ ಕಡೆ ಮಾತ್ರ ಒಂದಿಷ್ಟು ಜಾಗ ಗಾಳಿಯಾಡುತ್ತಿತ್ತು. ಹಾಗೆ ಗಾಳಿಯಾಡುವ ಭಾಗ ದೊಡ್ಡವರ ಮೈಯಲ್ಲೂ ಐದಾರು ವರ್ಷದ ಮಗುವಿನ ಶ್ವಾಸಕೋಶದಷ್ಟೇ ಇತ್ತು. ಅದನ್ನು ಅವರು ‘ಶಿಶು ಶ್ವಾಸಕೋಶ’ ಎಂದು ಕರೆದರು. ದೊಡ್ಡವರ ಪ್ರಮಾಣದ ಗಾಳಿಯನ್ನೆಲ್ಲ ನಾವು ಅಷ್ಟು ಚಿಕ್ಕ ಜಾಗಕ್ಕೆ ತುರುಕುತ್ತಿದ್ದೆವು ಎಂಬುದು ಚಿತ್ರದಲ್ಲೇ ಕಣ್ಣಿಗೆ ಕಟ್ಟಿತು.

ಹಾಗಾದರೆ ಗಾಳಿ ಕಡಿಮೆ ಕೊಡಬೇಕು. ಕೊಟ್ಟರೆ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಕೋಪನ್‌ಹೇಗನ್‌ನಲ್ಲಿ ಜನರನ್ನು ಕೊಂದ ಅನಿಲ ಅದೇ. ಅದನ್ನು ಇಳಿಸುವುದನ್ನೇ ಎರಡು ತಲೆಮಾರಿನ ವೈದ್ಯರು ಉಸಿರಾಟದ ಚಿಕಿತ್ಸೆ ಎಂದು ಕಲಿತಿದ್ದರು. ಅದು ಏರುವುದನ್ನು ಕಂಡೂ ಸುಮ್ಮನಿರಲು ಧೈರ್ಯ ಬೇಕಿತ್ತು. ನ್ಯೂಜಿಲೆಂಡಿನ ಕೀತ್ ಹಿಕ್ಲಿಂಗ್ ಆ ಧೈರ್ಯ ತೋರಿಸಿದರು. ಯಂತ್ರ ಪೂರ್ತಿ ಹಿಡಿತದಲ್ಲಿದ್ದು, ರಕ್ತದ ಆಮ್ಲತೆ ನಿಧಾನವಾಗಿ ಏರುವಾಗ ದೇಹ ಅದನ್ನು ತಕ್ಕಮಟ್ಟಿಗೆ ತಾಳುತ್ತದೆ ಎಂದು ಅವರು ಕಂಡುಕೊಂಡಿದ್ದರು. 1990ರಲ್ಲಿ 50 ರೋಗಿಗಳ ಅನುಭವ ಪ್ರಕಟಿಸಿದರು: ಕಾಯಿಲೆಯ ತೀವ್ರತೆ ನೋಡಿದರೆ ನೂರಕ್ಕೆ ಸುಮಾರು 40 ಮಂದಿ ಸಾಯಬೇಕಿದ್ದ ಕಡೆ ಸತ್ತವರು 16. ಬ್ರೆಜಿಲ್ಲಿನ ಸಾವೊ ಪಾಲೊದಲ್ಲಿ ಮಾರ್ಸೆಲೊ ಅಮಾಟೊ 53 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದ ಫಲ 1998ರಲ್ಲಿ ಬಂತು: ಹಳೆಯ ರೀತಿಯಲ್ಲಿ 28 ದಿನಗಳೊಳಗೆ ನೂರಕ್ಕೆ 71 ಸಾವು, ಶ್ವಾಸಕೋಶವನ್ನು ಕಾಪಾಡುವ ರೀತಿಯಲ್ಲಿ 38. ಆದರೂ ಸಂಖ್ಯೆ ಚಿಕ್ಕದು; ವಾಡಿಕೆ ಬದಲಿಸಲು ಇದು ಸಾಲದೆಂದರು ಹಲವರು. ಅದು ನ್ಯಾಯವಾದ ಆಕ್ಷೇಪವೇ.

ಉತ್ತರ ಬಂದದ್ದು 2000ದ ಮೇ ತಿಂಗಳಲ್ಲಿ. ಅಮೆರಿಕದ 10 ವಿಶ್ವವಿದ್ಯಾಲಯ ಕೇಂದ್ರಗಳು ಕೈಜೋಡಿಸಿ 861 ರೋಗಿಗಳ ಮೇಲೆ ನಡೆಸಿದ ಪ್ರಯೋಗ ಅದು. ಒಂದು ಗುಂಪಿಗೆ ಪ್ರತಿ ಕಿಲೋಗೆ 12 ಮಿಲಿಲೀಟರ್, ಇನ್ನೊಂದಕ್ಕೆ 6. ಇಲ್ಲಿ ಕಿಲೋ ಎಂದರೆ ತಕ್ಕಡಿಯಲ್ಲಿ ತೂಗಿದ ತೂಕವಲ್ಲ, ರೋಗಿಯ ಎತ್ತರದಿಂದ ಲೆಕ್ಕ ಹಾಕಿದ ತೂಕ. ಮೈಯಲ್ಲಿ ಕೊಬ್ಬು ಹೆಚ್ಚಿದ ಮಾತ್ರಕ್ಕೆ ಶ್ವಾಸಕೋಶ ಹಿಗ್ಗುವುದಿಲ್ಲವಲ್ಲ. 170 ಸೆಂಟಿಮೀಟರ್ ಎತ್ತರದ ಗಂಡಸಿಗೆ ಈ ಲೆಕ್ಕದ ತೂಕ 66 ಕಿಲೋ. ಅವನು 60 ಕಿಲೋ ಇರಲಿ, 100 ಕಿಲೋ ಇರಲಿ, ಒಂದು ಉಸಿರಿಗೆ 396 ಮಿಲಿಲೀಟರ್ ಸಾಕು. 12ರ ಲೆಕ್ಕದಲ್ಲಿ ಅದೇ ಮನುಷ್ಯನಿಗೆ 792 ಮಿಲಿಲೀಟರ್ ಹೋಗುತ್ತಿತ್ತು.

ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು, ಅಷ್ಟು ಸ್ಪಷ್ಟವಾಗಿತ್ತು ವ್ಯತ್ಯಾಸ. 12ರ ಗುಂಪಿನಲ್ಲಿ ನೂರಕ್ಕೆ 39.8 ಸಾವು, 6ರ ಗುಂಪಿನಲ್ಲಿ 31. ಅಂದರೆ ಆ ರೀತಿಯಲ್ಲಿ ನೋಡಿಕೊಂಡ ಪ್ರತಿ ನೂರು ಜನರಲ್ಲಿ ಎಂಟು ಒಂಬತ್ತು ಮಂದಿ ಹೆಚ್ಚಾಗಿ ಬದುಕಿದರು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ, ಇದ್ದ ಯಂತ್ರದ ಗುಂಡಿ ತಿರುಗಿಸಿದ್ದಷ್ಟೇ.

ಈ ಪ್ರಯೋಗದ ಒಳಗಿರುವ ಒಂದು ವಿವರ ನನಗೆ ಇಡೀ ಚರಿತ್ರೆಯ ತಿರುಳಾಗಿ ಕಾಣುತ್ತದೆ. ಮೊದಲ ದಿನಗಳಲ್ಲಿ ರಕ್ತಕ್ಕೆ ಆಮ್ಲಜನಕ ಚೆನ್ನಾಗಿ ಏರಿದ್ದು 12 ಮಿಲಿಲೀಟರ್ ಪಡೆದವರಲ್ಲಿ. ರಾತ್ರಿ ಪಾಳಿಯ ಯಾವ ವೈದ್ಯರೇ ಆಗಲಿ, ಆ ವರದಿ ನೋಡಿ ರೋಗಿ ಸುಧಾರಿಸುತ್ತಿದ್ದಾನೆ ಎಂದು ಮನೆಯವರಿಗೆ ಹೇಳುತ್ತಿದ್ದರು. ಆದರೆ ಹೆಚ್ಚು ಸತ್ತವರು ಆ ಗುಂಪಿನವರೇ. ಅತಿಯಾಗಿ ಹಿಗ್ಗಿದ ಶ್ವಾಸಕೋಶ ಉರಿಯೂತವನ್ನು ರಕ್ತಕ್ಕೆ ಹರಿಯಬಿಡುತ್ತದೆ. ಮೂತ್ರಪಿಂಡ, ಯಕೃತ್ತು, ಹೃದಯ ಒಂದಾದ ಮೇಲೊಂದು ಸೋಲುತ್ತವೆ. ಎಆರ್‌ಡಿಎಸ್ ರೋಗಿಗಳಲ್ಲಿ ಬಹುಪಾಲು ಮಂದಿ ಸಾಯುವುದು ಹೀಗೆ ಅಂಗಾಂಗಗಳು ಸೋತು, ಆಮ್ಲಜನಕದ ಕೊರತೆಯೊಂದರಿಂದಲೇ ಅಲ್ಲ. 1952ರಲ್ಲಿ ಚರ್ಮದ ಕೆಂಪು ಬಣ್ಣ ವೈದ್ಯರನ್ನು ನಂಬಿಸಿ ಕೈಕೊಟ್ಟಿತು. ಆಮೇಲಿನ ದಶಕಗಳಲ್ಲಿ ರಕ್ತದ ಆಮ್ಲಜನಕದ ಅಂಕಿ ಅದನ್ನೇ ಮಾಡಿತು. ಎರಡು ಸಲವೂ ರೋಗಿಗಳು ಬದುಕಿದ್ದು, ಕಣ್ಣಿಗೆ ಹಿತವಾಗಿ ಕಾಣುವ ಗುರುತನ್ನು ಯಾರೋ ಒಬ್ಬರು ಪ್ರಶ್ನಿಸಿದ್ದರಿಂದ.

ಬೋರಲು ಮಲಗಿಸುವ ಚಿಕಿತ್ಸೆಯ ಕಥೆಯೂ ಹೀಗೆಯೇ. ರೋಗಿಯನ್ನು ಹೊಟ್ಟೆಯ ಮೇಲೆ ಮಲಗಿಸಿದರೆ ಬೆನ್ನಿನ ಕಡೆಯ ಮುಚ್ಚಿದ ಗೂಡುಗಳು ತೆರೆದು ಆಮ್ಲಜನಕ ಏರುತ್ತದೆ ಎಂದು 1970ರ ದಶಕದಿಂದಲೇ ಗೊತ್ತಿತ್ತು. ಆದರೆ ಜೀವ ಉಳಿಯುತ್ತದೆಯೇ ಎಂಬುದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು 2013ರಲ್ಲಿ, ಫ್ರಾನ್ಸಿನ ಲಿಯೋನ್‌ನ ಕ್ಲೋದ್ ಗೆರಾನ್ ಮುಂದಾಳುತನದಲ್ಲಿ 466 ರೋಗಿಗಳ ಮೇಲೆ ನಡೆದ ಪ್ರಯೋಗದಿಂದ. ತೀವ್ರ ಎಆರ್‌ಡಿಎಸ್ ರೋಗಿಗಳನ್ನು ಒಂದು ಸಲಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದಾಗ 28 ದಿನಗಳ ಸಾವು ನೂರಕ್ಕೆ 32.8ರಿಂದ 16ಕ್ಕೆ ಇಳಿಯಿತು. ಆಮೇಲೆ ಅಂಕಿಗಳನ್ನು ಬಿಡಿಸಿ ನೋಡಿದಾಗ, ಆಮ್ಲಜನಕ ಏರಿದವರೇ ಹೆಚ್ಚು ಬದುಕಿದರು ಎಂದೇನೂ ಕಾಣಲಿಲ್ಲ. ಗಾಳಿ ಶ್ವಾಸಕೋಶದ ತುಂಬ ಹಂಚಿಹೋಗಿ ಒಂದೇ ಕಡೆ ಎಳೆತ ಬೀಳದಿದ್ದುದೇ ಅವರನ್ನು ಕಾಪಾಡಿದ್ದು ಎಂಬುದು ತಜ್ಞರ ಊಹೆ. ಈ ಚಿಕಿತ್ಸೆಗೆ ಬೇಕಾಗುವುದು ಕೈಗಳು: ಒಬ್ಬರು ತಲೆಯ ಬಳಿ ನಿಂತು ಕೊಳವೆ ಜಾರದಂತೆ ಹಿಡಿಯಬೇಕು, ಉಳಿದವರು ಎರಡೂ ಬದಿಯಿಂದ ಮೈಯನ್ನು ಒಟ್ಟಿಗೆ ಹೊರಳಿಸಬೇಕು, ಮುಖ, ಮೊಣಕಾಲು, ಕಣ್ಣು ಒತ್ತಿಕೊಳ್ಳದಂತೆ ದಿಂಬು ಇಡಬೇಕು.

2020ರಲ್ಲಿ ಕೊರೊನಾ ಬಂದಾಗ ಈ ಎಲ್ಲ ಪಾಠಗಳೂ ಕೈಯಲ್ಲಿದ್ದವು. ಆ ವರ್ಷ ನಾವು ಓದಿದ್ದು ಮಾತ್ರ ಯಂತ್ರಗಳ ಎಣಿಕೆ. ಕೇಂದ್ರ ಸರಕಾರ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ಗೆ 30,000 ವೆಂಟಿಲೇಟರುಗಳ ಬೇಡಿಕೆ ಕೊಟ್ಟಿತು; ಮೈಸೂರಿನ ಸ್ಕ್ಯಾನ್‌ರೇ ಅದಕ್ಕೆ ವಿನ್ಯಾಸದ ಜೊತೆಗಾರನಾಯಿತು. ನಮ್ಮ ನಾಡಿನ ಎಂಜಿನಿಯರುಗಳು ಅಷ್ಟು ಕಡಿಮೆ ಸಮಯದಲ್ಲಿ ಮಾಡಿದ್ದು ಹೆಮ್ಮೆಪಡುವ ಕೆಲಸ. ಆದರೆ ವೆಂಟಿಲೇಟರ್ ತಾನಾಗಿ ಯಾರನ್ನೂ ಗುಣಪಡಿಸುವುದಿಲ್ಲ; ಶ್ವಾಸಕೋಶ ಚೇತರಿಸಿಕೊಳ್ಳುವ ತನಕ ಹಾನಿ ಮಾಡದೆ ಕಾಯುವುದು ಅದರ ಕೆಲಸ. ಹಾನಿ ಮಾಡದಂತೆ ನೋಡಿಕೊಳ್ಳುವವರು ಹಾಸಿಗೆಯ ಪಕ್ಕದ ನರ್ಸು, ವೈದ್ಯರು, ತಂತ್ರಜ್ಞರು.

ಈ ಮಾತು ಹೇಳಲು ಕಾರಣವಿದೆ. 50 ದೇಶಗಳ 459 ಐಸಿಯುಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಎಆರ್‌ಡಿಎಸ್ ಇದ್ದವರಲ್ಲಿ ನೂರಕ್ಕೆ 60 ಮಂದಿಯ ಕಾಯಿಲೆಯನ್ನಷ್ಟೇ ವೈದ್ಯರು ಗುರುತಿಸಿದ್ದರು. ಪ್ರತಿ ಕಿಲೋಗೆ 8 ಮಿಲಿಲೀಟರ್ ಅಥವಾ ಅದಕ್ಕಿಂತ ಕಡಿಮೆ ಗಾಳಿ ಪಡೆದವರು ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ. ತೀವ್ರ ಕಾಯಿಲೆಯವರಲ್ಲೂ ಬೋರಲು ಮಲಗಿಸಿದ್ದು ನೂರಕ್ಕೆ 16 ಮಂದಿಯನ್ನು. ಇದು 6 ಮಿಲಿಲೀಟರಿನ ಪ್ರಯೋಗ ಪ್ರಕಟವಾಗಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲಿನ ಮಾತು.

ಜೀವ ಉಳಿಸುವ ವಿದ್ಯೆ ಪುಸ್ತಕದಲ್ಲಿದ್ದೂ ಹಾಸಿಗೆಯ ಬಳಿಗೆ ತಲುಪದಿರುವುದು ಬಡತನದಿಂದ ಮಾತ್ರ ಆಗುವುದಲ್ಲ. ಎತ್ತರ ಅಳೆಯುವ ಟೇಪಿಗೆ ಎಷ್ಟು ಬೆಲೆ? ಗುಣಿಸಿ ಗೋಡೆಗೆ ಅಂಟಿಸಿದ ಪಟ್ಟಿಗೆ ಎಷ್ಟು ಬೆಲೆ? ಬೇಕಿರುವುದು ತರಬೇತಾದ, ಸಾಕಷ್ಟು ಸಂಖ್ಯೆಯ ದಾದಿಯರು. ವರದಿ ಚೆನ್ನಾಗಿದ್ದಾಗಲೂ ಯಂತ್ರದ ಅಳತೆಯನ್ನು ಮತ್ತೆ ನೋಡುವ ವೈದ್ಯರು. ನಮ್ಮ ಜಿಲ್ಲಾ ಆಸ್ಪತ್ರೆಗೆ ಎಷ್ಟು ವೆಂಟಿಲೇಟರ್ ಬಂದವು ಎಂದು ಕೇಳುವ ಹಕ್ಕು ನಮಗೆ ಇರುವಂತೆ, ಅವುಗಳ ಪಕ್ಕದಲ್ಲಿ ರಾತ್ರಿ ಎರಡು ಗಂಟೆಗೆ ಯಾರಿರುತ್ತಾರೆ, ಅವರಿಗೆ ಯಾರು ಕಲಿಸಿದ್ದಾರೆ ಎಂದು ಕೇಳುವ ಹಕ್ಕೂ ಇದೆ. ಆ ಎರಡನೆಯ ಪ್ರಶ್ನೆಯನ್ನೇ ನಾವು ಮೊದಲು ಕೇಳಬೇಕು.